ಸೀಲು ಬೀಳುವ ಮುನ್ನ: ಮನೆಯ ನಕ್ಷೆಗೆ ಎಂಜಿನಿಯರ್ ಹೊಣೆ ಪಡೆಯುವ ಬಗೆ

"ಪ್ಲ್ಯಾನ್ ಎಲ್ಲ ತಯಾರಿದೆ, ನಿಮ್ಮದೊಂದು ಸಹಿ, ಒಂದು ಸೀಲು ಬಿದ್ದರೆ ಆಯಿತು."

ಕುಮಟಾದ ನನ್ನ ಕಚೇರಿಗೆ ಸುರುಳಿ ಸುತ್ತಿದ ಹಾಳೆ ಹಿಡಿದು ಬರುವವರ ಬಾಯಲ್ಲಿ ಈ ಮಾತು ಹೊಸತಲ್ಲ. ಹೋದ ವರ್ಷ ಹೀಗೆ ಬಂದವರ ಜಾಗ ಗೋಕರ್ಣದ ಕಡೆ, ಅಲೆಯ ಸದ್ದು ಅಂಗಳಕ್ಕೆ ಕೇಳುವಷ್ಟು ಹತ್ತಿರ. ನಕ್ಷೆ ಬರೆದುಕೊಟ್ಟವರು ಬೆಂಗಳೂರಿನಲ್ಲಿರುವ ಅವರ ಭಾವ. ಬರವಣಿಗೆ ಅಚ್ಚುಕಟ್ಟಾಗಿತ್ತು. ಆದರೆ ಕಾಲಂ 9 ಇಂಚು ಅಗಲ, ಕಾಂಕ್ರೀಟ್ ಎಂ20 (ಎಂ ಪಕ್ಕದ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ), ಸ್ಲ್ಯಾಬಿನ ಕಬ್ಬಿಣದ ಮೇಲಿನ ಕಾಂಕ್ರೀಟ್ ಹೊದಿಕೆ, ಅಂದರೆ ಕವರ್, 20 ಮಿ.ಮೀ. ಬಯಲುಸೀಮೆಯಲ್ಲಿ ನಡೆದು ಹೋಗುವ ಈ ಲೆಕ್ಕ ಕಡಲಂಚಿಗೆ ಸಲ್ಲದು. ನಾನು ಸೀಲು ಹಾಕಲಿಲ್ಲ. ಅವರು ಬೇಸರ ಮಾಡಿಕೊಂಡೇ ಹೋದರು. ಎರಡು ವಾರ ಕಳೆದು ಮತ್ತೆ ಬಂದರು. ಮಣ್ಣು ನೋಡುವುದರಿಂದ ಶುರುಮಾಡಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದೆವು. ಮನೆ ಕಟ್ಟಲು ಹೊರಟವರು ಏನೇನು ಕೇಳಿ ಪಡೆಯಬೇಕು ಎಂಬುದನ್ನು ಆ ಮನೆಯ ದಾರಿಯಲ್ಲೇ ಹೇಳುತ್ತೇನೆ.

ಮೊದಲು: ನಕ್ಷೆ ಒಂದಲ್ಲ, ಎರಡು

ನಗರಸಭೆಗೋ ಪಂಚಾಯಿತಿಗೋ ಕೊಡುವುದು ಪರವಾನಗಿಯ ನಕ್ಷೆ. ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಕೋಣೆ ಎಷ್ಟು ದೊಡ್ಡದು, ಶೌಚಗುಂಡಿ ಎಲ್ಲಿ ಎಂಬುದು ಅದರಲ್ಲಿರುತ್ತದೆ. ಮನೆಯನ್ನು ಎತ್ತಿ ನಿಲ್ಲಿಸುವುದು ಇನ್ನೊಂದು, ಸ್ಟ್ರಕ್ಚರಲ್ ನಕ್ಷೆ: ಫೂಟಿಂಗ್ (ಕಾಲಂ ಅಡಿಯ ಬುನಾದಿ) ಎಷ್ಟು ಆಳ, ಯಾವ ಬೀಮಿಗೆ ಎಷ್ಟು ಸರಳು, ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್ ಎಷ್ಟು ಅಂತರಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೀಲು ಬಿದ್ದಿರುವುದು ಮೊದಲನೆಯದರ ಮೇಲೆ ಮಾತ್ರ. ಎರಡನೆಯದು ಹಾಳೆಗೆ ಇಳಿದಿರುವುದೇ ಇಲ್ಲ. ಮೇಸ್ತ್ರಿ ಜಾಗದಲ್ಲಿ ನಿಂತು ಹೇಳಿದ್ದೇ ಲೆಕ್ಕ. ಚಿರೆಕಲ್ಲಿನ ಗೋಡೆ ಎಬ್ಬಿಸುವುದರಲ್ಲಿ ನಮ್ಮ ಮೇಸ್ತ್ರಿಗಳಿಗೆ ನಾನು ಸಮನಲ್ಲ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ 16 ಅಡಿ ಹಾಲ್‌ನ ಅಡ್ಡ ಬೀಮಿಗೆ ಕಬ್ಬಿಣ ಎಷ್ಟು ಎಂಬುದು ಕಣ್ಣಂದಾಜಿಗೆ ಸಿಗುವ ವಿಷಯವಲ್ಲ. ಆದ್ದರಿಂದ ಸ್ಟ್ರಕ್ಚರಲ್ ನಕ್ಷೆಯನ್ನು ಬೇರೆಯಾಗಿ ಕೇಳಿ. ಅದರ ಪ್ರತಿ ಹಾಳೆಗೂ ಸಹಿ, ಸೀಲು ಇರಲಿ.

ಯಾರಿಂದ ಮಾಡಿಸುವುದು

ವಾಸ್ತುಶಿಲ್ಪಿಗಳ ನೋಂದಣಿಗೆ 1972ರ ಕಾಯ್ದೆಯಿದೆ, ಅದರಡಿ ಪರಿಷತ್ತೂ ಇದೆ. ಎಂಜಿನಿಯರ್ ವಿಷಯದಲ್ಲಿ ನೀವು ನೋಡಬೇಕಾದದ್ದು ಸ್ಥಳೀಯ ಸಂಸ್ಥೆ ಕೊಟ್ಟ ಪರವಾನಗಿ: ಸಂಖ್ಯೆ ಏನು, ಅವಧಿ ಮುಗಿದಿಲ್ಲವಷ್ಟೆ? ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. "ಲೆಕ್ಕ ಹಾಕುವವರು ನೀವೇ ಏನು?" ಬೇರೆಯವರು ಹಾಕುವುದಾದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ತಿದ್ದುವವರು ಯಾರು ಎಂದು ಕೇಳಿ. ಸೀಲು ಹಾಕಿದವರು "ಈ ಲೆಕ್ಕ ನನ್ನದು, ಇಲ್ಲವೇ ನಾನು ಪೂರ್ತಿ ಪರಿಶೀಲಿಸಿದ್ದು" ಎಂದು ಬರೆದುಕೊಟ್ಟಂತೆ. ಓದದೆ ಒತ್ತಿದ ಸೀಲಿಗೂ ಹೊಣೆ ತಪ್ಪುವುದಿಲ್ಲ ಎಂಬುದನ್ನು ನನ್ನ ಕಿರಿಯ ಸಹೋದ್ಯೋಗಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಜಾಗಕ್ಕೆ ಎಷ್ಟು ಸಲ, ಯಾವ ಯಾವ ಹಂತದಲ್ಲಿ ಬರುತ್ತಾರೆ ಎಂಬುದನ್ನು ಒಪ್ಪಂದದ ಕಾಗದದಲ್ಲಿಯೇ ಬರೆಸಿಕೊಳ್ಳಿ.

ಮಣ್ಣು ನೋಡದೆ ಪೆನ್ಸಿಲ್ ಹಿಡಿಯಬಾರದು

ನಮ್ಮ ನೆಲ ಮೋಸಗಾತಿ. ಮೇಲೆ ಚಿರೆಕಲ್ಲು, ಬೇಸಿಗೆಯಲ್ಲಿ ಪಿಕಾಸಿ ಪುಟಿಯುವಷ್ಟು ಗಟ್ಟಿ. ಅದರ ಕೆಳಗೆ ಹಲವೆಡೆ ಶೇಡಿ ಮಣ್ಣು, ಜೇಡಿಯಂಥ ನುಣುಪು ಮಣ್ಣು. ಒಣಗಿದ್ದಾಗ ನಂಬಿಕೆ ಹುಟ್ಟಿಸುತ್ತದೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಹೊಳೆಬದಿಯಲ್ಲಿ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತುಂಬಿಸಿ ಮಾಡಿದ ಸೈಟುಗಳದ್ದು ಇನ್ನೊಂದು ಕಥೆ: ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಗುಡ್ಡ ಕಡಿದ ಜಾಗವಾದರೆ ಹಿಂದಿನ ದರೆಯನ್ನೂ, ನೀರು ಹರಿದು ಹೋಗುವ ದಾರಿಯನ್ನೂ ಎಂಜಿನಿಯರ್ ನೋಡಲೇಬೇಕು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷಾ ಗುಂಡಿ ತೋಡಿಸಿ, ಎಂಜಿನಿಯರನ್ನು ಕರೆದು ತೋರಿಸಿ. ಮಣ್ಣು ಎಷ್ಟು ಭಾರ ಹೊರುತ್ತದೆಂದು ಹಿಡಿದಿದ್ದಾರೋ ಆ ಅಂಕಿ ಫೂಟಿಂಗ್ ಹಾಳೆಯ ಮೇಲೆ ಕಾಣಬೇಕು. ಅದು ಪರೀಕ್ಷೆಯಿಂದ ಬಂದದ್ದೋ ಅಂದಾಜೋ ಎಂದೂ ಕೇಳಿ.

ಕಡಲಂಚಿನ ಅಂಕಿಗಳು

ಹಾಳೆಯಲ್ಲಿ ಕೆಲವು ಅಂಕಿಗಳನ್ನು ಮನೆಯ ಯಜಮಾನರೂ ಯಜಮಾನಿಯೂ ತಾವೇ ಓದಿ ನೋಡಬಹುದು.

ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಸರಳನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಕಾರವಾರದ ಹಳೆಯ ತಾರಸಿಗಳ ಅಡಿಯಲ್ಲಿ ನಿಂತು ತಲೆಯೆತ್ತಿ ನೋಡಿ: ಸರಳಿನ ಜಾಡಿನಲ್ಲೇ ಕಂದು ಗೆರೆ, ಅಲ್ಲಲ್ಲಿ ಉದುರಿದ ಗಾರೆ. ಇದನ್ನು ತಡೆಯುವುದು ಒಳ್ಳೆಯ ಕಾಂಕ್ರೀಟ್ ಮತ್ತು ಸರಳಿನ ಮೇಲಿನ ಹೊದಿಕೆ, ಅಂದರೆ ಕವರ್. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟನ್ನು 'ತೀವ್ರ' ವರ್ಗಕ್ಕೆ ಸೇರಿಸುತ್ತದೆ: ಕನಿಷ್ಠ ಎಂ30, ಕವರ್ 45 ಮಿ.ಮೀ., ಸಿಮೆಂಟಿನ ತೂಕದ 0.45 ಪಾಲಿಗಿಂತ ಹೆಚ್ಚು ನೀರು ಇಲ್ಲ. ಸಮುದ್ರದ ನೀರಿನ ಸಿಂಚನ ತಗಲುವ ಕಡೆ ಎಂ35, ಕವರ್ 50 ಮಿ.ಮೀ. ಚೀಲದ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ. ಸಿಮೆಂಟಿಗೆ 22.5 ಲೀಟರ್ ನೀರು, ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಿತು. ನೀರು ಯಾವ ಬಾವಿಯದು ಎಂಬುದೂ ಮುಖ್ಯ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು. ಅಳಿವೆಯ ಮರಳನ್ನು ತೊಳೆಯದೆ, ಪರೀಕ್ಷಿಸದೆ ಬಳಸುವುದು ಉಪ್ಪನ್ನು ಕೈಯಾರೆ ಕಲಸಿದಂತೆ.

ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪುಗಾಳಿಯಿಲ್ಲ, ಆದರೆ ಮಳೆಯಿದೆ. ಅಲ್ಲಿಯೂ ಒಳಗಿನ ಸ್ಲ್ಯಾಬ್ ಮತ್ತು ಮಳೆಗೆ ನೆನೆಯುವ ಸಜ್ಜಾ ಒಂದೇ ವರ್ಗಕ್ಕೆ ಸೇರಬೇಕೆಂದಿಲ್ಲ. ಯಾವ ವರ್ಗ ಹಿಡಿದಿದ್ದಾರೆಂದು ಎಂಜಿನಿಯರ್ ಹಾಳೆಯಲ್ಲಿ ಬರೆಯಬೇಕು.

ಇನ್ನು ಭೂಕಂಪ. ಭೂಕಂಪದ ಮಾನಕ ಐಎಸ್ 1893ರ 2016ರ ಪಟ್ಟಿಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದ್ದರೆ, ಅದಕ್ಕಿಂತ ಹೆಚ್ಚು ಅಪಾಯದ ಕಾರವಾರ ಮೂರನೆಯದರಲ್ಲಿದೆ. ಮೂರನೇ ವಲಯಕ್ಕೆ, ಅಲುಗಾಟ ತಾಳುವಂತೆ ಕಬ್ಬಿಣ ಕಟ್ಟುವ ಬಗೆ ಹೇಳುವ ಐಎಸ್ 13920 ಅನ್ವಯಿಸುತ್ತದೆ. ಅದರ 2016ರ ಆವೃತ್ತಿಯ ಪ್ರಕಾರ ಕಾಲಂ ಕನಿಷ್ಠ 300 ಮಿ.ಮೀ. ಅಗಲವಿರಬೇಕು, 9 ಇಂಚು ಎಂದರೆ ಸುಮಾರು 230 ಮಿ.ಮೀ. ಗೋಡೆಯಿಂದ ಕಾಲಂ ಹೊರಚಾಚುತ್ತದೆ, ಮಂಚ ಇಡಲು ಅಡ್ಡಿಯಾಗುತ್ತದೆ ಎಂದು ಜನ ಒಪ್ಪುವುದಿಲ್ಲ. ಒಪ್ಪಿಸುವುದು ಎಂಜಿನಿಯರ್ ಕೆಲಸ. ರಿಂಗಿನ ತುದಿಯನ್ನೂ ನೋಡಿ: ಕೊಕ್ಕೆ 135 ಡಿಗ್ರಿ ಬಾಗಿ ಕಾಲಂನ ಹೊಟ್ಟೆಯೊಳಗೆ ಹೋಗಿರಬೇಕು. ಮೂಲೆಮಟ್ಟಕ್ಕೆ 90 ಡಿಗ್ರಿ ಬಗ್ಗಿಸಿ ಬಿಟ್ಟರೆ, ಅಲುಗಾಟಕ್ಕೆ ಹೊರಗಿನ ಕಾಂಕ್ರೀಟ್ ಉದುರಿದಾಗ ರಿಂಗ್ ಬಿಚ್ಚಿಕೊಳ್ಳುತ್ತದೆ.

ಹಾಳೆ ಕೈಗೆ ಬಂದಾಗ

ಎಂಜಿನಿಯರ್ ಹೆಸರು, ಪರವಾನಗಿ ಸಂಖ್ಯೆ, ದಿನಾಂಕ, ಎಷ್ಟನೇ ತಿದ್ದುಪಡಿ, ಎಷ್ಟು ಅಂತಸ್ತಿಗೆ ಲೆಕ್ಕ ಹಾಕಿದ್ದು, ಕಬ್ಬಿಣದ ದರ್ಜೆ: ಇವಿಷ್ಟೂ ಇರಲಿ. ಸೀಲಿನ ಫೋಟೊಕಾಪಿ ಬೇಡ, ಸಹಿ ಮೂಲದ್ದೇ ಆಗಲಿ. ಲೆಕ್ಕದ ಹಾಳೆಗಳ ಒಂದು ಪ್ರತಿಯನ್ನೂ ಕೇಳಿ. ಲೆಕ್ಕವಿಲ್ಲದ ಸೀಲು ಬರಿಯ ಶಾಯಿ.

ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ

ಗೋಕರ್ಣದ ಆ ಮನೆಯ ಸ್ಲ್ಯಾಬಿಗೆ ಮರುದಿನ ಬೆಳಿಗ್ಗೆ ಕಾಂಕ್ರೀಟ್. ಸಂಜೆ ಸೆಂಟ್ರಿಂಗ್ ಮೇಲೆ ಹತ್ತಿದೆ. ನಾಲ್ಕಡಿ ಹೊರಚಾಚಿದ ಬಾಲ್ಕನಿಯಲ್ಲಿ ಮುಖ್ಯ ಸರಳು ಮೇಲ್ಗಡೆ ಇರಬೇಕು, ಏಕೆಂದರೆ ಅಲ್ಲಿ ಎಳೆತ ಬೀಳುವುದು ಮೇಲ್ಮೈಗೆ. ನಕ್ಷೆಯಲ್ಲಿ ಸರಿಯಾಗಿಯೇ ಇತ್ತು, ಕಟ್ಟಿದವರೂ ಸರಿಯಾಗಿಯೇ ಕಟ್ಟಿದ್ದರು. ಆದರೆ ಹಗಲಿಡೀ ಜನ ತುಳಿದು ಓಡಾಡಿ ಸರಳುಗಳೆಲ್ಲ ಹಲಗೆಗೆ ತಾಗಿ ಮಲಗಿದ್ದವು. ಟಾರ್ಚ್ ಹಿಡಿದು, ಸರಳಿನ ಅಡಿಗೆ ಬೆರಳು ತೂರಿಸಲು ನೋಡಿದೆ, ತೂರಲಿಲ್ಲ. ಹಾಗೆಯೇ ಸುರಿದಿದ್ದರೆ ಆ ಕಬ್ಬಿಣ ಇದ್ದೂ ಇಲ್ಲದಂತೆ. ಕತ್ತಲಾದರೂ ಎಲ್ಲವನ್ನೂ ಎತ್ತಿಸಿ, ಅಡಿಗೆ ಕಬ್ಬಿಣದ ಕುರ್ಚಿ (ಸರಳನ್ನು ಎತ್ತಿ ಹಿಡಿಯುವ ಬಾಗಿಸಿದ ಕಂಬಿ) ಕೊಡಿಸಿ, ಉಳಿದ ಕಡೆ ಕವರ್ ಬ್ಲಾಕ್, ಅಂದರೆ ಸರಳನ್ನು ಹಲಗೆಯಿಂದ ದೂರ ಇಡುವ ಬಿಲ್ಲೆ, ಎಣಿಸಿ ಇಳಿದೆವು. ಜಲ್ಲಿ ಚೂರು, ಹಂಚಿನ ಚೂರು ಕವರ್ ಬ್ಲಾಕ್ ಆಗುವುದಿಲ್ಲ.

ಹಾಗಾಗಿ ಫೂಟಿಂಗ್, ಕಾಲಂ, ಸ್ಲ್ಯಾಬ್ ಪ್ರತಿಯೊಂದಕ್ಕೂ ಸುರಿಯುವ ಮೊದಲು ಎಂಜಿನಿಯರ್ ಬಂದು ನೋಡಿ, ಜಾಗದಲ್ಲಿ ಇಟ್ಟ ತಪಾಸಣೆ ಪುಸ್ತಕದಲ್ಲಿ ದಿನಾಂಕ ಸಮೇತ ಸಹಿ ಹಾಕಲಿ. ಸುರಿಯುವಾಗ ಅದೇ ಕಾಂಕ್ರೀಟಿನಿಂದ ಕ್ಯೂಬ್ (ಬಲ ಪರೀಕ್ಷೆಯ ಘನಾಕಾರದ ಅಚ್ಚು) ತುಂಬಿಸಿ, 28 ದಿನಕ್ಕೆ ಒಡೆಸಿ ವರದಿ ಇಟ್ಟುಕೊಳ್ಳಿ.

ನಡುವೆ ಮನಸ್ಸು ಬದಲಾದರೆ

ಬದಲಾಗುತ್ತದೆ, ದೇವರ ಕೋಣೆ ಸರಿಯುತ್ತದೆ, ತಾರಸಿಯ ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕ್ ಬರುತ್ತದೆ. ಆ ಟ್ಯಾಂಕ್ ತುಂಬಿದಾಗ ನೀರೇ ಎರಡು ಟನ್. ಮೇಸ್ತ್ರಿಗೆ ಬಾಯಿಮಾತಿನಲ್ಲಿ ಹೇಳಿ ಮುಗಿಸಬೇಡಿ. ಎಂಜಿನಿಯರಿಗೆ ಬರೆದು ತಿಳಿಸಿ, ತಿದ್ದಿದ ಹಾಳೆಗೆ ಹೊಸ ಸೀಲು ಪಡೆಯಿರಿ. ನೀವಾಗಿಯೇ ಕಾಲಂ ಕಿತ್ತರೆ ಹಳೆಯ ಸೀಲಿನ ಮೇಲೆ ಹೊಣೆ ಹೊರಿಸುವುದು ಕಷ್ಟ.

ತಪ್ಪು ಎಂಜಿನಿಯರ್ ಲೆಕ್ಕದ್ದೇ ಆಗಿದ್ದರೆ ಅದು ಸೇವಾ ನ್ಯೂನತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ. ಇಂಥ ಕಡೆ ಮೊದಲು ಬೇಕಾಗುವುದು ಆ ಸಹಿಯ ಹಾಳೆಗಳೂ ಸುರಿಯುವ ಮುನ್ನ ಬರೆದ ಪುಸ್ತಕವೂ.

ಅವೆಲ್ಲವನ್ನೂ ಖಾತಾ ಪತ್ರಗಳ ಜೊತೆಯಲ್ಲೇ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಡಿ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಸರು ಹಿಡಿಯಲು ಹೆಚ್ಚು ದಿನ ಬೇಡ. ಹತ್ತು ವರ್ಷದ ಮೇಲೆ ಮಗನೋ ಮಗಳೋ ಮೇಲೊಂದು ಅಂತಸ್ತು ಎಬ್ಬಿಸಲು ಹೊರಟಾಗ, ಬರುವ ಹೊಸ ಎಂಜಿನಿಯರ್ ಮೊದಲು ಕೇಳುವುದು ಫೂಟಿಂಗ್ ಹಾಳೆಯನ್ನು.