ಲಕ್ಕಮ್ಮನ ಲೆಕ್ಕವನ್ನು ನಮ್ಮ ಮನೆಯಲ್ಲಿ ಹಾಕುವುದು ಹೇಗೆ

ನೆಮ್ಮದಿ ಬೇಕಾದರೆ ಎಲ್ಲ ಬಿಟ್ಟುಬಿಡು ಅನ್ನುವವರಿದ್ದಾರೆ, ಇನ್ನೂ ಸಂಪಾದಿಸು ಅನ್ನುವವರೂ ಇದ್ದಾರೆ. 12ನೇ ಶತಮಾನದ ಶರಣರ ದಾರಿ ಬೇರೆ. ದುಡಿ, ಬೇಕಾದಷ್ಟು ಇಟ್ಟುಕೋ, ಉಳಿದದ್ದು ದಾಸೋಹಕ್ಕೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಗಂಡ ಹೆಂಡತಿ. ರಾಯಚೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಲ್ಲೇ ಇಬ್ಬರ ಊಟ, ಅದರಲ್ಲೇ ಜಂಗಮರಿಗೂ ದಾಸೋಹ. ಒಂದಿನ ಅವನು ಜಾಸ್ತಿ ಅಕ್ಕಿ ತಂದಾಗ, ಇಷ್ಟೊಂದು ಆಸೆ ನಮಗೇಕೆ, ಅಲ್ಲೇ ಸುರಿದು ಬನ್ನಿ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಕೈಲಿ ಕಾಸಿಲ್ಲದವಳು ಇಷ್ಟು ಗಟ್ಟಿಯಾಗಿ ಹೇಳಿದಳಲ್ವಾ, ನನಗೆ ಅದೇ ದೊಡ್ಡದು.

ಇದನ್ನು ಮಾಡಿ ನೋಡಬೇಕಾದರೆ ಸಂಬಳ ಬರುವ ಮುಂಚೆಯೇ ಪಟ್ಟಿ ಹಾಕಿ. ಬಂದ ಮೇಲೆ ಹಾಕಿದರೆ ಪಟ್ಟಿ ತಾನಾಗೇ ಉದ್ದವಾಗುತ್ತದೆ. ಅಕ್ಕಿ, ಬೇಳೆ, ಬಾಡಿಗೆ, ಮಕ್ಕಳ ಫೀಸು, ಔಷಧಿ, ಸಾಲದ ಕಂತು, ಕಷ್ಟಕಾಲಕ್ಕೆ ಒಂದಿಷ್ಟು, ಇವೆಲ್ಲ ಬೇಕಾದವೇ, ಇದರಲ್ಲಿ ಅಳುಕು ಬೇಡ. ಏನೂ ಉಳಿಯದಿದ್ದರೆ ಆ ತಿಂಗಳು ಕೈಲಾದ ಕೆಲಸ ಮಾಡಿಕೊಡಿ, ಅದೂ ದಾಸೋಹವೇ. ಮತ್ತೆ, ಲಕ್ಕಮ್ಮ ಸಾಕು ಅಂದದ್ದು ತನ್ನ ಮನೆಗೆ. ಕೆಲಸದವರ ಕೂಲಿ ಕಡಿಮೆ ಮಾಡಿ ಅವರಿಗೆ ತೃಪ್ತಿಯ ಪಾಠ ಹೇಳಬೇಡಿ.

ಉಳಿದದ್ದನ್ನು ಫೋನಿನಲ್ಲಿ ಕಳಿಸಿ ಮರೆಯುವ ಬದಲು, ಸಾಧ್ಯವಾದರೆ ನೀವೇ ತಗೊಂಡು ಹೋಗಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ, 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ನಡೆಸಿಕೊಂಡು ಬಂದ ದಾಸೋಹ ಅದು. ಅಷ್ಟು ದೂರ ಹೋಗಬೇಕಂತಿಲ್ಲ, ನಿಮ್ಮೂರಿನ ಮಠವಾದರೂ ಸರಿ. ಮೊದಲು ಉಗ್ರಾಣದವರನ್ನು ಏನು ಕಮ್ಮಿ ಇದೆ ಅಂತ ಕೇಳಿ. ಎಲ್ಲರೂ ಅಕ್ಕಿಯನ್ನೇ ತಂದರೆ ಬೇಳೆಗೆ, ಎಣ್ಣೆಗೆ ಯಾರು?

ಬಡಿಸಲು ಬಿಟ್ಟರೆ ಬಕೆಟ್ಟು ಸೌಟು ಹಿಡಿದು ಬಗ್ಗಿ ಬಡಿಸಿ, ನಿಂತಲ್ಲಿಂದ ಸುರಿಯಬೇಡಿ. ಕಣ್ಣು ತಟ್ಟೆಯ ಮೇಲಿರಲಿ. ಮಗು ಸಾಕು ಅಂತ ಅಂಗೈ ಅಡ್ಡ ಹಿಡಿದ ತಕ್ಷಣ ಸೌಟು ಎತ್ತಿಬಿಡಿ, ಪ್ರೀತಿ ಅಂತ ಇನ್ನೊಂದು ಸೌಟು ಹಾಕಿದರೆ ಅನ್ನ ದಂಡ. ಇನ್ನೊಂದು ಮಗು ಸಾರಿಗಾಗಿ ಕತ್ತೆತ್ತಿ ನೋಡುತ್ತಿರುತ್ತದೆ, ಅದರ ಕಡೆ ಹೋಗಿ. ಊಟದ ಸಾಲಿನಲ್ಲಿ ಫೋಟೋ ಬೇಡ. ಎಲ್ಲರದ್ದೂ ಆದ ಮೇಲೆ ನೀವೂ ಅಲ್ಲೇ ಕೂತು ಉಣ್ಣಿ. ಆ ಊಟದ ಖುಷಿ ನಾನು ಬರೆದರೆ ಗೊತ್ತಾಗುವುದಲ್ಲ.

ಮನೆಯಲ್ಲಿ ಒಬ್ಬರಿಗಾದರೂ "ಇದು ಜಾಸ್ತಿ ಆಯ್ತು" ಅಂತ ನಿಮಗೆ ಹೇಳುವ ಹಕ್ಕು ಕೊಡಿ. ಅವರು ಹೇಳಿದ ದಿನ ವಾದಕ್ಕಿಳಿಯದೆ ಆ ವಸ್ತುವನ್ನು ಅಂಗಡಿಗೆ ವಾಪಸ್ ಕೊಟ್ಟು ಬನ್ನಿ.