ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆ: ರೋಗಿಯ ಒಲವನ್ನು ಅಳೆಯುವ ಬಗೆ

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನವು ಗ್ರಂಥಿಯೊಳಗೇ ಉಳಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 1,643 ಪುರುಷರನ್ನು ನಿಗಾ (ತಕ್ಷಣ ಚಿಕಿತ್ಸೆ ಕೊಡದೆ ಪರೀಕ್ಷೆಗಳಿಂದ ಗಮನಿಸುತ್ತಿರುವುದು), ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಎಂಬ ಮೂರು ಗುಂಪುಗಳಿಗೆ ಹಂಚಿತ್ತು. 2023ರಲ್ಲಿ ಪ್ರಕಟವಾದ ಅದರ ವರದಿಯಂತೆ, ಸುಮಾರು 15 ವರ್ಷಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪುಗಳಲ್ಲಿ ಶೇ. 3ರ ಆಸುಪಾಸಿನಲ್ಲಿದ್ದರು, ಕ್ಯಾನ್ಸರ್ ಬೇರೆಡೆಗೆ ಹರಡಿದ ಪ್ರಮಾಣ ಮಾತ್ರ ನಿಗಾದಲ್ಲಿದ್ದವರಲ್ಲಿ ಉಳಿದವರ ಹೆಚ್ಚುಕಡಿಮೆ ಇಮ್ಮಡಿಯಿತ್ತು. ಮೂತ್ರ ಸೋರಿಕೆ ಮತ್ತು ನಿಮಿರುವಿಕೆಯ ತೊಂದರೆ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಾದರೆ, ಮಲವಿಸರ್ಜನೆಯ ತೊಂದರೆ ವಿಕಿರಣದ ನಂತರ ಹೆಚ್ಚು. ಇವುಗಳಲ್ಲಿ ಯಾವುದನ್ನು ತಾಳಿಕೊಳ್ಳಬಹುದೆಂದು ರೋಗಿಯಲ್ಲದೆ ಬೇರೆಯವರು ಹೇಳಲಾರರು.

ಕ್ಯಾನ್ಸರ್‌ನ ಹಂತ, ಗ್ಲೀಸನ್ ಅಂಕ (ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರವಾಗಿವೆ ಎಂಬುದರ ಅಳತೆ), ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ನಿಜಕ್ಕೂ ತೆರೆದಿರುವ ಆಯ್ಕೆಗಳು ಯಾವುವೆಂದು ವೈದ್ಯರು ಮೊದಲು ಗೊತ್ತುಪಡಿಸಬೇಕು. ನಂತರ ಮೂತ್ರ, ಮಲ, ಲೈಂಗಿಕ ತೊಂದರೆಗಳನ್ನು ವಿಚಾರಿಸುವ ಇಪಿಐಸಿ-26ರಂತಹ ಪ್ರಶ್ನಾವಳಿಯಿಂದ ರೋಗಿಯ ಈಗಿನ ಸ್ಥಿತಿಯನ್ನು ದಾಖಲಿಸಬೇಕು. ಇದು ಒಲವಿನ ಅಳತೆಯಲ್ಲ, ಆದರೂ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ; ಇದರ ಉಪಯೋಗವಿರುವುದು, ಈಗಾಗಲೇ ನಿಮಿರುವಿಕೆ ಇಲ್ಲದವರ ಮುಂದೆ ಅದರ ನಷ್ಟವನ್ನು ತೂಗಲು ಇಡುವುದನ್ನು ತಪ್ಪಿಸುವುದರಲ್ಲಿ.

‘ನಿಮಗೆ ಯಾವುದು ಮುಖ್ಯ?’ ಎಂದು ಕೇಳಿದರೆ ಎಲ್ಲವೂ ಮುಖ್ಯ ಎಂಬ ಉತ್ತರವೇ ಬರುವುದರಿಂದ, ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವ ಜೋಡಿಗಳನ್ನು ಮುಂದಿಡಬೇಕು. ಉದಾಹರಣೆಗೆ, ಮೊದಲ ಕಾರ್ಡಿನಲ್ಲಿ ‘15 ವರ್ಷಗಳಲ್ಲಿ ಕ್ಯಾನ್ಸರ್ ಹರಡುವುದು 100 ಜನರಲ್ಲಿ 5 ಮಂದಿಗೆ, ಮೂತ್ರ ಸೋರಿಕೆಗೆ ದಿನವೂ ಪ್ಯಾಡ್ ಬೇಕು’ ಎಂದೂ, ಎರಡನೆಯದರಲ್ಲಿ ‘ಹರಡುವುದು 100 ಜನರಲ್ಲಿ 9 ಮಂದಿಗೆ, ಪ್ಯಾಡ್ ಬೇಡ’ ಎಂದೂ ಬರೆಯಿರಿ. ಅವರು ಎರಡನೆಯದನ್ನು ಆರಿಸಿದರೆ 9ನ್ನು 12ಕ್ಕೆ, ಆಮೇಲೆ 15ಕ್ಕೆ ಏರಿಸುತ್ತ ಹೋಗಿ. ಯಾವ ಸಂಖ್ಯೆಯಲ್ಲಿ ಮನಸ್ಸು ಬದಲಾಗುತ್ತದೋ ಅದೇ ಪ್ಯಾಡ್ ಇಲ್ಲದ ಬದುಕಿಗೆ ಅವರು ಕಟ್ಟುವ ಬೆಲೆ. ನಿಮಿರುವಿಕೆ, ಮಲದ ತುರ್ತು, ಮತ್ತೆ ಮತ್ತೆ ಮಾಡಿಸಬೇಕಾದ ಬಯಾಪ್ಸಿ ಇವುಗಳಿಗೂ ಹೀಗೆಯೇ ಮಾಡಬಹುದು.

ಕಾರ್ಡಿನ ಮೇಲೆ ಚಿಕಿತ್ಸೆಯ ಹೆಸರು ಇರಕೂಡದು, ಏಕೆಂದರೆ ‘ಗಡ್ಡೆ ತೆಗೆಸಿಬಿಡೋಣ’ ಎಂಬ ಆತುರ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ಎಲ್ಲ ಅಂಕಿಗಳೂ 100ರ ಲೆಕ್ಕದಲ್ಲೇ ಇರಲಿ. ಎಲ್ಲ ವಿಷಯದಲ್ಲೂ ಒಂದು ಆಯ್ಕೆಯೇ ಮೇಲಾಗಿರುವ ಜೋಡಿಯೊಂದನ್ನು ನಡುವೆ ಸೇರಿಸಿದರೆ ಪ್ರಶ್ನೆ ಅರ್ಥವಾಗಿದೆಯೇ ಎಂಬುದು ತಿಳಿಯುತ್ತದೆ. ಹೆಂಡತಿಯೋ ಮಕ್ಕಳೋ ಜೊತೆಗಿದ್ದರೆ ಮೊದಲು ರೋಗಿಯೊಬ್ಬರನ್ನೇ ಕೇಳಿ.

ರೋಗ ಪತ್ತೆಯಾದ ದಿನದ ಉತ್ತರದಲ್ಲಿ ಭಯದ ಪಾಲೇ ಹೆಚ್ಚಿರಬಹುದಾದ್ದರಿಂದ ಕೆಲವು ದಿನ ಬಿಟ್ಟು ಅದೇ ಕಾರ್ಡುಗಳನ್ನು ಮತ್ತೊಮ್ಮೆ ತೋರಿಸಿ. ಅಳತೆ ಒಂದು ಕಡೆ, ರೋಗಿಯ ಬಾಯಿಮಾತು ಇನ್ನೊಂದು ಕಡೆ ಇದ್ದರೆ ಎರಡನ್ನೂ ಅವರ ಮುಂದಿಟ್ಟು ಕಾರಣ ಕೇಳಿ, ಅವರು ಹೇಳಿದ್ದನ್ನು ಕಡತದಲ್ಲಿ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ.