ಅಪಾಯದಂಚಿನ ಹದಿಹರೆಯದವರಿಗೆ ಸರ್ಕಾರಿ ನೆರವು: ಜಿಲ್ಲೆಯ ಸೇವೆಯನ್ನು ಮತ್ತೆ ಕಟ್ಟಿ, ಸಂಸ್ಥೆಗೆ ವಹಿಸುವ ಬಗೆ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕುಗಳಿವೆ. ಹದಿಹರೆಯದವರ ರಕ್ಷಣೆಗೆ ಬರೆಯುವ ಯೋಜನೆಗಳು ಮಾತ್ರ ಜಿಲ್ಲಾ ಕೇಂದ್ರದ ಒಂದು ಕಟ್ಟಡದಿಂದಲೇ ಶುರುವಾಗುವುದು ರೂಢಿ. ಕಳಸದ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿರುವ ಹದಿನಾರರ ಹುಡುಗಿಗೆ ಆ ಕಟ್ಟಡ ಇದ್ದೂ ಇಲ್ಲದಂತೆ. ಟೆಂಡರ್ ಕಡತ ತೆರೆಯುವ ಮೊದಲು ಯಾರು, ಎಲ್ಲಿ, ಯಾವ ತಿಂಗಳಲ್ಲಿ ಕೈತಪ್ಪುತ್ತಿದ್ದಾರೆ ಎಂಬುದು ಗೊತ್ತಿರಬೇಕು. ಇಲ್ಲಿ ಹೇಳುವುದೆಲ್ಲ 14ರಿಂದ 21 ವರ್ಷದವರ ಸೇವೆಗೆ ಸಂಬಂಧಿಸಿದ್ದು, ಅದನ್ನು ಸ್ವಯಂಸೇವಾ ಸಂಸ್ಥೆಗೆ ವಹಿಸುವ ಜಿಲ್ಲಾ ಅಧಿಕಾರಿಗಳಿಗೆ.

ಮೊದಲು ಒಂದೇ ಹಾಳೆಯ ಲೆಕ್ಕ

ಹಿಂದಿನ ಎರಡು ವರ್ಷದ ಐದು ಪಟ್ಟಿ ತರಿಸಿಕೊಳ್ಳಿ: ಶಾಲಾ ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿ 8ನೇ ತರಗತಿಯ ನಂತರ ಶಾಲೆ ಬಿಟ್ಟವರು, ಮಕ್ಕಳ ಕಲ್ಯಾಣ ಸಮಿತಿಯ ಆದೇಶಗಳು, ಬಾಲ ನ್ಯಾಯ ಮಂಡಳಿಯ ಪ್ರಕರಣಗಳು, ಮಕ್ಕಳ ಸಹಾಯವಾಣಿ 1098ರ ಕರೆಗಳು, ಬಾಲ್ಯವಿವಾಹದ ದೂರುಗಳು. ಅಡ್ಡಸಾಲಿನಲ್ಲಿ ತಾಲ್ಲೂಕು, ಉದ್ದಸಾಲಿನಲ್ಲಿ ತಿಂಗಳು ಇಟ್ಟು ಅಂಕಿ ತುಂಬಿ. ಒಬ್ಬಳೇ ಹುಡುಗಿ ಮೂರು ಪಟ್ಟಿಗಳಲ್ಲಿ ಇರಬಹುದು, ಆದ್ದರಿಂದ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಕೊಟ್ಟು ಎರಡೆರಡು ಸಲ ಎಣಿಕೆಯಾಗದಂತೆ ನೋಡಿಕೊಳ್ಳಿ. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಂ ಮಗುವಿನ ಗುರುತು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಹೆಸರಿರುವ ಹಾಳೆ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು.

ತಿಂಗಳು ಯಾಕೆ ಮುಖ್ಯ? ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಎಸ್ಸೆಸ್ಸೆಲ್ಸಿ ತಯಾರಿಯ ಹೊತ್ತಿಗೇ ತೋಟಕ್ಕೆ ಹೆಚ್ಚು ಕೈ ಬೇಕಾಗುತ್ತದೆ. ಮೂಡಿಗೆರೆ, ಕೊಪ್ಪ, ಕಳಸದ ಕಡೆಗೆ ಈ ಕ್ಯಾಲೆಂಡರ್. ಕಡೂರು, ತರೀಕೆರೆ, ಅಜ್ಜಂಪುರದ ಬಯಲುಸೀಮೆಗೆ ಬೇರೆಯದೇ ಇದೆ: ಬೇಸಿಗೆಯ ಮದುವೆ ಹಂಗಾಮು, ಮಳೆ ಕೈಕೊಟ್ಟ ವರ್ಷದ ಗುಳೆ, ಬೀರೂರು ಜಂಕ್ಷನ್‌ನಿಂದ ರೈಲು ಹತ್ತಿ ಬೆಂಗಳೂರಿಗೆ ಹೊರಡುವ ಹುಡುಗರು. ಮಲೆನಾಡಿಗೂ ಬಯಲಿಗೂ ಒಂದೇ ಮಾದರಿ ಬರೆದರೆ ಎರಡೂ ಕಡೆ ಕೆಡುತ್ತದೆ.

ಅಂಕಿ ಹೇಳದ್ದನ್ನು ಹುಡುಗ ಹುಡುಗಿಯರೇ ಹೇಳಬೇಕು. ಆರೆಂಟು ಜನರ ಗುಂಪು ಮಾಡಿ, ಹುಡುಗಿಯರದು ಬೇರೆ, ಹುಡುಗರದು ಬೇರೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಎದುರು ಅಥವಾ ತೋಟದ ರೈಟರ್ (ಮೇಲ್ವಿಚಾರಕ) ಪಕ್ಕದಲ್ಲಿ ಕೂರಿಸಿ ಕೇಳಿದರೆ ‘ಎಲ್ಲಾ ಚೆನ್ನಾಗಿದೆ ಸಾರ್’ ಎಂಬ ಉತ್ತರವೇ ಸಿಗುತ್ತದೆ. ಕೆಲಸಕ್ಕೆ ರಜೆ ಇರುವ ಸಂತೆ ದಿನ ಆರಿಸಿ, ಬಸ್ ಚಾರ್ಜು ಕೊಡಿ. ಹೊರರಾಜ್ಯದ ಕಾರ್ಮಿಕರ ಮಕ್ಕಳಿದ್ದರೆ ಹಿಂದಿ ಬಲ್ಲವರು, ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ಜೊತೆಗಿರಲಿ. ‘ನಿಮಗೆ ಏನು ಬೇಕು’ ಎನ್ನುವುದಕ್ಕಿಂತ ‘ಹೋದ ಸಲ ತೊಂದರೆಯಾದಾಗ ಯಾರ ಹತ್ತಿರ ಹೋದಿರಿ, ಆಮೇಲೆ ಏನಾಯಿತು’ ಎಂಬ ಪ್ರಶ್ನೆಗೆ ಕೆಲಸಕ್ಕೆ ಬರುವ ಉತ್ತರ ಬರುತ್ತದೆ.

ಇರುವುದನ್ನು ಮತ್ತೆ ಕೊಳ್ಳಬೇಡಿ

ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವಕ್ಕೆ (ಮಗು ಕುಟುಂಬದಲ್ಲೇ ಉಳಿಯಲು ಕೊಡುವ ನೆರವಿಗೆ) ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. 2022ರ ಮಾರ್ಗಸೂಚಿಯ ಪ್ರಕಾರ ಕುಟುಂಬದ ವಾರ್ಷಿಕ ಆದಾಯದ ಮಿತಿ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ. ಪಾಲನಾ ಸಂಸ್ಥೆಯಿಂದ ಹೊರಬಂದವರಿಗೆ 18ರ ನಂತರದ ಆರೈಕೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಸಿಗುತ್ತದೆ. ಇಲಾಖೆಗಳ ಹಾಸ್ಟೆಲ್‌ಗಳಿವೆ, ಬಾಲಮಂದಿರವಿದೆ. ಬಹುಪಾಲು ಕಡೆ ಕೊರತೆ ಸೌಲಭ್ಯದ್ದಲ್ಲ, ಮಗುವನ್ನು ಅಲ್ಲಿಯವರೆಗೆ ಕರೆದೊಯ್ಯುವವರದ್ದು. ಪ್ರಾಯೋಜಕತ್ವದ ಅರ್ಜಿ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್‌ನಲ್ಲಿ ತಪ್ಪಿದ ಜನ್ಮದಿನಾಂಕ ಅಥವಾ ನಿಷ್ಕ್ರಿಯವಾದ ಬ್ಯಾಂಕ್ ಖಾತೆ, ಈ ಮೂರರಲ್ಲೊಂದರ ಬಳಿ ನಿಂತುಬಿಡುತ್ತದೆ.

ಹಾಗಾಗಿ ಕೊಳ್ಳಬೇಕಾದ ಮುಖ್ಯ ವಸ್ತು ಕ್ಷೇತ್ರ ಕಾರ್ಯಕರ್ತರ ಸಮಯ. ಜೊತೆಗೆ ರಾತ್ರಿ ತಂಗಲು ಸುರಕ್ಷಿತ ಜಾಗ, ವಾರಕ್ಕೊಮ್ಮೆ ತಾಲ್ಲೂಕಿಗೆ ಬರುವ ಆಪ್ತಸಮಾಲೋಚಕರು, ಸಣ್ಣ ತುರ್ತು ನಗದು. ಅರಿವು ಕಾರ್ಯಕ್ರಮ, ಬ್ಯಾನರ್, ಕಿರುಹೊತ್ತಿಗೆಗೆ ಈ ಅನುದಾನದಿಂದ ಒಂದು ರೂಪಾಯಿಯನ್ನೂ ಇಡದಿದ್ದರೆ ನಷ್ಟವೇನಿಲ್ಲ.

ಒಬ್ಬರಿಗೆ ಎಷ್ಟು ಮಕ್ಕಳು?

ಇದನ್ನು ಅಂದಾಜಿನಲ್ಲಿ ಬರೆಯಬೇಡಿ. ತಿಂಗಳಿಗೆ 22 ಕೆಲಸದ ದಿನ ಎಂದುಕೊಳ್ಳಿ. ಸಮಿತಿಯ ಕಲಾಪ, ದಾಖಲೆ, ಸಭೆಗೆ 6 ದಿನ ಕಳೆದರೆ ಕ್ಷೇತ್ರಕ್ಕೆ 16 ಉಳಿಯುತ್ತದೆ. ಬಯಲಿನಲ್ಲಿ ದಿನಕ್ಕೆ ನಾಲ್ಕು ಮನೆ ಮುಟ್ಟಬಹುದು, ಮಲೆನಾಡಿನ ಬಸ್ ನೆಚ್ಚಿಕೊಂಡರೆ ಎರಡು. ಪ್ರತಿ ಮಗುವಿಗೆ ತಿಂಗಳಿಗೆ ಎರಡು ಭೇಟಿ ಎಂದರೆ ಬಯಲಿನಲ್ಲಿ 32, ಮಲೆನಾಡಿನಲ್ಲಿ 16. ಮೊದಲ ಆರು ವಾರ ವಾರಕ್ಕೊಂದು ಭೇಟಿ ಬೇಕಾಗುವುದರಿಂದ ಕರಾರಿನಲ್ಲಿ 25 ಮತ್ತು 12 ಎಂದು ಬರೆಯುವುದು ಪ್ರಾಮಾಣಿಕ. ಇಡೀ ಜಿಲ್ಲೆಗೆ ‘ಕಾರ್ಯಕರ್ತರೊಬ್ಬರಿಗೆ 50 ಮಕ್ಕಳು’ ಎಂದು ಬರೆದ ಕಡೆ ಭೇಟಿ ಫೋನ್ ಕರೆಯಾಗುತ್ತದೆ, ಫೋನ್ ಕರೆ ವಹಿಯಲ್ಲಿ ಟಿಕ್ ಆಗುತ್ತದೆ.

ಪ್ರಯಾಣವೆಚ್ಚವನ್ನು ಸಂಬಳದೊಳಗೆ ಸೇರಿಸಬೇಡಿ, ಸೇರಿಸಿದರೆ ದೂರದ ಮನೆಯೇ ಮೊದಲು ಬಿಟ್ಟುಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಶೃಂಗೇರಿ, ಕೊಪ್ಪ, ಕಳಸದ ಕಡೆ ಕರೆಂಟು, ನೆಟ್‌ವರ್ಕ್, ರಸ್ತೆ ಮೂರೂ ಕೈಕೊಡುವ ದಿನಗಳಿರುತ್ತವೆ. ಆ ಅವಧಿಗೆ ಪ್ರತಿ ಹೋಬಳಿಯಲ್ಲಿ ನಡೆದುಹೋಗಿ ಮುಟ್ಟಬಲ್ಲ ಒಬ್ಬರನ್ನು, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು, ಅವರ ಇಲಾಖೆಯ ಒಪ್ಪಿಗೆ ಪಡೆದು, ಗೌರವಧನ ಗೊತ್ತುಮಾಡಿ ಮೊದಲೇ ಗುರುತಿಸಿ.

ವಹಿಸಿಕೊಡುವ ದಾರಿ

ಅನುದಾನ ಒಪ್ಪಂದವೋ ಟೆಂಡರೋ ಎಂಬುದನ್ನು ಲೆಕ್ಕಾಧಿಕಾರಿಯ ಜೊತೆ ಮೊದಲೇ ಕೂತು ನಿರ್ಧರಿಸಿ, ಟಿಪ್ಪಣಿಯಲ್ಲಿ ಕಾರಣ ದಾಖಲಿಸಿ. ಟೆಂಡರ್ ಆದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999 ಅನ್ವಯಿಸುತ್ತದೆ. ಟೆಂಡರ್ ಕರೆಯದಿರಲು ಅದರ 4(ಜಿ) ವಿನಾಯಿತಿ ಕೊಡುವುದು ಸರ್ಕಾರ, ಜಿಲ್ಲಾ ಕಚೇರಿಯಲ್ಲ. ಅದನ್ನು ನಂಬಿ ವೇಳಾಪಟ್ಟಿ ಹಾಕಿಕೊಳ್ಳಬೇಡಿ.

ಇಲ್ಲಿನ ದೊಡ್ಡ ಹೊಂಡ ಕಡಿಮೆ ದರ. ಈ ಸೇವೆಯ ವೆಚ್ಚದಲ್ಲಿ ಬಹುಪಾಲು ಸಂಬಳವೇ, ಆದ್ದರಿಂದ ದರ ಇಳಿಸುವವರು ಇಳಿಸುವುದು ಸಂಬಳವನ್ನು. ಅನುಭವಿಗಳು ಆರು ತಿಂಗಳಲ್ಲಿ ಕೆಲಸ ಬಿಡುತ್ತಾರೆ, ಮಗು ತನ್ನ ಕತೆಯನ್ನು ಹೊಸಬರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ನಿಯಮ ಅವಕಾಶ ಕೊಡುವಷ್ಟರ ಮಟ್ಟಿಗೆ ಒಟ್ಟು ಮೊತ್ತವನ್ನೂ ಕಾರ್ಯಕರ್ತರ ಕನಿಷ್ಠ ಸಂಬಳವನ್ನೂ ನೀವೇ ಘೋಷಿಸಿ, ಅದೇ ಹಣದಲ್ಲಿ ಯಾರು ಉತ್ತಮ ಕೆಲಸ ಕೊಡುತ್ತಾರೆಂದು ತೂಗಿ. ನೂರು ಅಂಕದಲ್ಲಿ 35 ತಾಲ್ಲೂಕುವಾರು ಕೆಲಸದ ಯೋಜನೆಗೆ, 25 ನಿಯೋಜಿಸುವ ಕಾರ್ಯಕರ್ತರಿಗೆ, 20 ಮಕ್ಕಳ ಸುರಕ್ಷತೆಯ ವ್ಯವಸ್ಥೆಗೆ, ಉಳಿದ 20 ಲೆಕ್ಕಪತ್ರ ಮತ್ತು ಹಿಂದಿನ ಕೆಲಸಕ್ಕೆ ಇರಲಿ. ಸಂದರ್ಶನಕ್ಕೆ ಸಂಸ್ಥೆಯ ಅಧ್ಯಕ್ಷರ ಬದಲು ಊರೂರು ಸುತ್ತಲಿರುವವರನ್ನೇ ಕರೆಸಿ, ‘ರಾತ್ರಿ ಒಂಬತ್ತಕ್ಕೆ ಬೀರೂರು ನಿಲ್ದಾಣದಲ್ಲಿ ಹದಿನೈದರ ಹುಡುಗ ಸಿಕ್ಕಿದ, ಏನು ಮಾಡುತ್ತೀರಿ’ ಎಂದು ಕೇಳಿ. 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ಗೊತ್ತಿಲ್ಲದ ತಂಡಕ್ಕೆ ಅಂಕ ಕೊಡಬೇಕಿಲ್ಲ.

ಅರ್ಹತೆಯಲ್ಲಿ ಕೋಟಿಗಟ್ಟಲೆ ವಹಿವಾಟು ಕೇಳಿದರೆ ಬೆಂಗಳೂರಿನ ದೊಡ್ಡ ಸಂಸ್ಥೆಗಳಷ್ಟೇ ಉಳಿಯುತ್ತವೆ. ನೋಂದಣಿ, ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣ) ಸಂಖ್ಯೆ, ಮೂರು ವರ್ಷದ ಆಡಿಟ್ ವರದಿ ಸಾಕು. ಮಕ್ಕಳನ್ನು ಇರಿಸಿಕೊಳ್ಳುವ ಜಾಗವಿದ್ದರೆ ಮಾತ್ರ ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನ ನೋಂದಣಿ ಕಡ್ಡಾಯ. ಅದಿಲ್ಲದೆ ಒಂದು ರಾತ್ರಿಯೂ ಬೇಡ.

ಕರಾರಿನೊಳಗೆ

ಅವಧಿ ಮೂರು ವರ್ಷ, ಎರಡೂ ಕಡೆಯವರಿಗೆ 90 ದಿನದ ನೋಟಿಸ್. ಹಣ ತ್ರೈಮಾಸಿಕ ಮುಂಗಡವಾಗಿ ಹೋಗಲಿ. ಕೇಂದ್ರದ ಶೇ. 60, ರಾಜ್ಯದ ಶೇ. 40 ಪಾಲು ಕೂಡಿ ಕೆಳಗಿಳಿಯುವಷ್ಟರಲ್ಲಿ ತಡವಾಗುವುದು ಹೊಸದೇನಲ್ಲ, ಆ ತಡವನ್ನು ಸಣ್ಣ ಸಂಸ್ಥೆಯ ಹೆಗಲಿಗೆ ಹಾಕಿದರೆ ಮೊದಲು ನಿಲ್ಲುವುದು ಸಂಬಳ. ಹಣಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆಂದು ಸಂಸ್ಥೆಗೂ ತಿಳಿಸಿ, ಕೊಡುವ ಗಡುವನ್ನು ದಿನಾಂಕ ಸಮೇತ ಬರೆಯಿರಿ.

ಅಳತೆ ನಾಲ್ಕೇ ಇರಲಿ: ಸುದ್ದಿ ಬಂದ 48 ಗಂಟೆಯೊಳಗೆ ಮುಖಾಮುಖಿ ಭೇಟಿ; ಸಮಿತಿ ಕೇಳಿದ ಸಾಮಾಜಿಕ ತನಿಖಾ ವರದಿ 15 ದಿನದೊಳಗೆ; ಆರು ತಿಂಗಳ ನಂತರ ಶಾಲೆ, ಐಟಿಐ ಅಥವಾ ಕಾನೂನುಬದ್ಧ ಕೆಲಸದಲ್ಲಿ ಉಳಿದವರು; ಹದಿನೇಳೂವರೆ ತುಂಬುವಷ್ಟರಲ್ಲಿ 18ರ ನಂತರದ ಯೋಜನೆ ಸಿದ್ಧವಿರುವವರು. ಫಲಿತಾಂಶಕ್ಕೆ ತಕ್ಕ ಹಣ ಎಂಬ ಷರತ್ತು ಕಾಗದದಲ್ಲಿ ಚೆಂದ ಕಾಣುತ್ತದೆ, ಆದರೆ ಗಾಂಜಾ ಚಟಕ್ಕೆ ಬಿದ್ದ ಹುಡುಗನನ್ನು ಬಿಟ್ಟು, ಹೇಗೂ ಶಾಲೆಗೆ ಮರಳಲಿದ್ದವನನ್ನೇ ಸಂಸ್ಥೆ ಆರಿಸಿಕೊಳ್ಳಲು ಅದು ಕಲಿಸುತ್ತದೆ. ಮಕ್ಕಳನ್ನು ಕಳಿಸುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕಾರಣ ಬರೆದುಕೊಡದೆ ಸಂಸ್ಥೆ ತಿರಸ್ಕರಿಸುವಂತಿಲ್ಲ ಎಂಬ ಸಾಲು ಇರಲಿ. ಕಡತಗಳು ಇಲಾಖೆಯ ಸ್ವತ್ತು ಎಂಬುದೂ.

ಪ್ರತಿ ಸಿಬ್ಬಂದಿಗೆ ಪೊಲೀಸ್ ಪರಿಶೀಲನೆ ಮುಗಿಯದೆ ಕ್ಷೇತ್ರಕ್ಕೆ ಬಿಡಬೇಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೋ 2012ರ 19ನೇ ಕಲಮಿನಂತೆ ಅಂಥ ಅಪರಾಧದ ಮಾಹಿತಿ ನೇರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಹೋಗಬೇಕು. ‘ಮೊದಲು ಸಂಯೋಜಕರಿಗೆ ತಿಳಿಸಿ’ ಎಂಬ ಒಳನಿಯಮ ಇದ್ದರೆ ಹೊಡೆದುಹಾಕಿಸಿ.

ಹಳೆಯ ಸಂಸ್ಥೆಯಿಂದ ಹೊಸದಕ್ಕೆ

ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಜೂನ್‌ನಿಂದ ಮಳೆ. ಹಸ್ತಾಂತರಕ್ಕೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗಿನ ಆರು ವಾರ ಅನುಕೂಲ. ಕೊಯ್ಲು ಶುರುವಾಗುವ ಹೊತ್ತಿಗೆ ಹೊಸಬರಿಗೆ ದಾರಿ ತಿಳಿದಿರುತ್ತದೆ. ಈ ಅವಧಿಗೆ ಎರಡೂ ಸಂಸ್ಥೆಗೆ ಹಣವಿರಬೇಕು, ಇಲ್ಲದಿದ್ದರೆ ಹಳೆಯವರು ಮೊದಲ ವಾರವೇ ಕೈಚೆಲ್ಲುತ್ತಾರೆ. ಪ್ರತಿ ಮಗುವಿಗೂ ಎರಡು ಜಂಟಿ ಭೇಟಿ: ಮೊದಲನೆಯದರಲ್ಲಿ ಹಳೆಯ ಅಕ್ಕನೋ ಅಣ್ಣನೋ ತಾವೇ ವಿಷಯ ಹೇಳಲಿ, ಎರಡನೆಯದರಲ್ಲಿ ಹೊಸಬರು ಮಾತಾಡಲಿ. ವೈಯಕ್ತಿಕ ಪಾಲನಾ ಯೋಜನೆಯ ಪ್ರತಿಯನ್ನು ಮಗುವಿನ ಎದುರೇ ಓದಿ, ತಿದ್ದಿಸಿ ಸಹಿ ಹಾಕಿಸಿ.

ಆರನೇ ತಿಂಗಳ ಪರಿಶೀಲನೆಯಲ್ಲಿ ಮೊದಲ ಹಾಳೆಯನ್ನೇ ಮತ್ತೆ ತೆಗೆದು ಹೊಸ ಅಂಕಿ ಪಕ್ಕದಲ್ಲಿಡಿ. ಯಾವುದೋ ತಾಲ್ಲೂಕಿನಿಂದ ಒಂದೂ ಪ್ರಕರಣ ಬಂದಿಲ್ಲ ಎಂದರೆ ಅಲ್ಲಿ ಸಮಸ್ಯೆ ಇಲ್ಲವೆಂದು ಬರೆದುಕೊಳ್ಳುವ ಮೊದಲು ಅಲ್ಲಿನ ಮೂರು ಪ್ರೌಢಶಾಲೆಗಳ ಹಾಜರಿ ಪುಸ್ತಕ ನೋಡಿ, ಪಿಡಿಒ ಒಬ್ಬರಿಗೆ ಫೋನ್ ಮಾಡಿ, ಕಾರ್ಯಕರ್ತರೊಬ್ಬರನ್ನು ಎರಡು ವಾರದ ಮಟ್ಟಿಗೆ ಅಲ್ಲಿಗೆ ಕಳಿಸಿ.